ಅಮ್ಮ ಸತ್ತ ಸುದ್ದಿ: ಡಗ್ಲಾಸ್ ಅವರ ಒಂದು ವಾಕ್ಯ ಕನ್ನಡಕ್ಕೆ ಬರ್ತಿಲ್ಲ, ಸಹಾಯ ಮಾಡಿ

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಫ್ರೆಡರಿಕ್ ಡಗ್ಲಾಸ್ ಅವರ ಮೊದಲ ಆತ್ಮಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಚ್ಚು ಹಾಕಿಸೋಕೆ ಅಲ್ಲ, ನಮ್ಮೂರಿನ ಓದುಗರ ಗುಂಪಿಗೆ. ಮೊದಲ ಅಧ್ಯಾಯದಲ್ಲೇ ಒಂದು ವಾಕ್ಯದ ಹತ್ತಿರ ನಿಂತುಬಿಟ್ಟಿದ್ದೇನೆ.

ಓದದೇ ಇರುವವರಿಗೆ ಸ್ವಲ್ಪ ಹಿನ್ನೆಲೆ. ಡಗ್ಲಾಸ್ ಗುಲಾಮರಾಗಿ ಹುಟ್ಟಿದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, 1818ರ ಸುಮಾರಿಗೆ. ಹುಟ್ಟಿದ ದಿನ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ, ಗುಲಾಮರ ಮಕ್ಕಳಿಗೆ ಅದನ್ನು ಯಾರೂ ಹೇಳುತ್ತಿರಲಿಲ್ಲ. 1838ರಲ್ಲಿ ತಪ್ಪಿಸಿಕೊಂಡು ಉತ್ತರದ ಕಡೆ ಹೋದರು. 1845ರಲ್ಲಿ ಈ ಪುಸ್ತಕ ಬಂತು. ಕೂಸಾಗಿದ್ದಾಗಲೇ ಅವರನ್ನು ಅಮ್ಮನಿಂದ ಬೇರೆ ಮಾಡಿದ್ದರು. ಅಮ್ಮ ಹ್ಯಾರಿಯೆಟ್ ಬೈಲಿ, 12 ಮೈಲಿ ದೂರದಲ್ಲಿ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಿದ್ದಳು. ಅವಳನ್ನು ತಾನು ನೋಡಿದ್ದು ನಾಲ್ಕೈದು ಸಲ ಅಷ್ಟೇ, ಅದೂ ರಾತ್ರಿ ಹೊತ್ತು ಅಂತ ಬರೆಯುತ್ತಾರೆ. ಹಗಲಿನ ಬೆಳಕಲ್ಲಿ ಅಮ್ಮನ ಮುಖ ನೋಡಿದ ನೆನಪೇ ಇಲ್ಲ. ಏಳು ವರ್ಷದವರಿದ್ದಾಗ ಅವಳು ತೀರಿಕೊಂಡಳು. ಕಾಯಿಲೆ ಬಿದ್ದಾಗ ಹೋಗೋಕೆ ಬಿಡಲಿಲ್ಲ, ಸತ್ತಾಗ ಬಿಡಲಿಲ್ಲ, ಮಣ್ಣು ಮಾಡುವಾಗಲೂ ಬಿಡಲಿಲ್ಲ.

ಆಮೇಲೆ ಆ ವಾಕ್ಯ ಬರುತ್ತದೆ. ಅವಳ ಇರವು, ಅಕ್ಕರೆ, ಆರೈಕೆ ನನಗೆ ಅಷ್ಟಾಗಿ ಸಿಕ್ಕಿರಲಿಲ್ಲವಾದ್ದರಿಂದ, ಯಾರೋ ಅಪರಿಚಿತರು ಸತ್ತರೆ ಏನು ಅನ್ನಿಸುತ್ತಿತ್ತೋ ಅವಳ ಸಾವಿನ ಸುದ್ದಿ ಕೇಳಿದಾಗ ಹೆಚ್ಚುಕಡಿಮೆ ಅದೇ ಅನ್ನಿಸಿತು, ಅಂತ.

ನಾನು ಮೊದಲು ಬರೆದದ್ದು ಹೀಗಿತ್ತು: "ಸುದ್ದಿ ಕೇಳಿ ಕರುಳು ಹಿಂಡಿದಂತಾಯಿತು, ಆದರೆ ಕಣ್ಣಲ್ಲಿ ನೀರು ಬರಲಿಲ್ಲ." ಗುಂಪಿನಲ್ಲಿ ಓದಿದಾಗ ಇಬ್ಬರು ಕಣ್ಣು ಒರೆಸಿಕೊಂಡರು. ಮನೆಗೆ ಬಂದು ಮೂಲ ಮತ್ತೆ ಓದಿದೆ. ಅಲ್ಲಿ ಕರುಳೂ ಇಲ್ಲ, ಕಣ್ಣೀರೂ ಇಲ್ಲ. ಮೂರು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಇವರು ದುಃಖ ತಡೆದುಕೊಂಡು ಬರೆದಿದ್ದಾರಾ, ಇಲ್ಲ ನಿಜವಾಗಿಯೂ ಏನೂ ಅನ್ನಿಸಲಿಲ್ಲವಾ? ಅದು ಗೊತ್ತಾಗದೆ ಕನ್ನಡಕ್ಕೆ ತರೋದು ಹೇಗೆ?

ಹೊಂಗೆನೆರಳು

ಕರುಳು ತೆಗೆಯಿರಿ ಸರ್. ದಯವಿಟ್ಟು ಮೊದಲು ಅದನ್ನು ತೆಗೆಯಿರಿ.

ನಮ್ಮ ಭಾಷೆಯಲ್ಲಿ ತಾಯಿ ಮಗು ಅಂದ ತಕ್ಷಣ ಪದಗಳು ತಾವೇ ಓಡಿ ಬರುತ್ತವೆ. ಹೆತ್ತ ಕರುಳು, ಕರುಳ ಕುಡಿ, ತಾಯಿಹಾಲು, ಮಡಿಲು. ಇವೆಲ್ಲ ಅಮ್ಮನ ಮಡಿಲಲ್ಲಿ ಬೆಳೆದವರ ಪದಗಳು. ಡಗ್ಲಾಸ್ ಹೇಳುತ್ತಿರುವುದು ಏನು? ಆ ಮಡಿಲೇ ನನಗೆ ಸಿಗದ ಹಾಗೆ ಮಾಡಿದರು ಅಂತ. ಅಮ್ಮ ಸತ್ತರೆ ಅಳೋಕೆ ಬೇಕಾದ ನೆನಪನ್ನೂ ಕಿತ್ತುಕೊಂಡರು ಅಂತ. ನೀವು ಅಲ್ಲಿ ಕರುಳು ಹಿಂಡಿಸಿದರೆ ಕಿತ್ತುಕೊಂಡದ್ದನ್ನು ನೀವೇ ವಾಪಸ್ ಕೊಟ್ಟ ಹಾಗೆ ಆಗುತ್ತದೆ. ಆಮೇಲೆ ಧಣಿಯ ಮೇಲೆ ಯಾವ ಆರೋಪ ಉಳಿಯಿತು?

ನನ್ನ ಮಟ್ಟಿಗೆ ಇದು ತಡೆದುಕೊಂಡ ದುಃಖ ಅಲ್ಲ. ಒಬ್ಬ ಮನುಷ್ಯನಿಗೆ ಏನು ಮಾಡಿದರು ಅನ್ನೋದರ ನೇರ ವರದಿ.

ಇನ್ನೊಂದು ವಿಷಯ. ಆ 12 ಮೈಲಿಯನ್ನು ಒಂದು ಸಲ ಲೆಕ್ಕ ಹಾಕಿ ನೋಡಿ. ಸುಮಾರು 19 ಕಿಲೋಮೀಟರ್. ಬಿರುಸಾಗಿ ನಡೆದರೂ ನಾಲ್ಕು ಗಂಟೆ. ಹೊತ್ತು ಮುಳುಗುವ ತನಕ ಹೊಲದ ಕೆಲಸ, ಆಮೇಲೆ ಕತ್ತಲಲ್ಲಿ ನಾಲ್ಕು ಗಂಟೆ ನಡೆದು ಬಂದು, ಮಗುವಿನ ಪಕ್ಕ ಮಲಗಿ, ನಿದ್ದೆ ಮಾಡಿಸಿ, ಮತ್ತೆ ನಾಲ್ಕು ಗಂಟೆ ನಡೆದು ವಾಪಸ್. ಹೊತ್ತು ಹುಟ್ಟುವಾಗ ಹೊಲದಲ್ಲಿ ಇರದಿದ್ದರೆ ಚಾಟಿ ಏಟು. ಅವಳು ಮಗನ ಜೊತೆ ಇದ್ದದ್ದು ಎರಡು ಗಂಟೆಯೋ ಮೂರು ಗಂಟೆಯೋ. ಡಗ್ಲಾಸ್ ಇದನ್ನು ಬಿಡಿಸಿ ಹೇಳುವುದಿಲ್ಲ. ಮೈಲಿ ಹೇಳುತ್ತಾರೆ, ನಡೆದು ಬರುತ್ತಿದ್ದಳು ಅನ್ನುತ್ತಾರೆ, ನಾನು ಏಳುವ ಎಷ್ಟೋ ಹೊತ್ತಿಗೆ ಮುಂಚೆ ಹೋಗಿರುತ್ತಿದ್ದಳು ಅನ್ನುತ್ತಾರೆ. ಉಳಿದದ್ದು ಓದುವವರ ಕೆಲಸ. ಅಮ್ಮನ ಪ್ರೀತಿ ಆ ಮೈಲಿಯ ಲೆಕ್ಕದಲ್ಲೇ ಇದೆ, ಅಲ್ವಾ?

ರಾತ್ರಿಪಾಳಿ

ಲೆಕ್ಕ ಓದಿ ಮೈ ಜುಮ್ಮೆಂದಿತು. ನಾನು ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದಾಗ ಮಗಳು ಮಲಗಿರುತ್ತಾಳೆ, ಏಳುವ ಹೊತ್ತಿಗೆ ನಾನು ಮಲಗಿರುತ್ತೇನೆ. ಅಷ್ಟಕ್ಕೇ ನನಗೆ ಹೊಟ್ಟೆ ಉರಿಯುತ್ತದೆ.

ಒಂದು ಪ್ರಶ್ನೆ. ಈ ಪುಸ್ತಕ ಬರೆದದ್ದೇ ಗುಲಾಮಗಿರಿ ನಿಲ್ಲಿಸಬೇಕು ಅಂತ, ಅಲ್ವಾ? ಹಾಗಿದ್ದರೆ ಓದುವವರ ಮನಸ್ಸು ಕರಗುವ ಹಾಗೆ ಅತ್ತು ಬರೆಯಬೇಕಿತ್ತು. ಯಾಕೆ ಹಿಡಿತದಲ್ಲಿ ಬರೆದರು?

ಗ್ರಂಥಾಲಯದ ಮೂಲೆ

@ರಾತ್ರಿಪಾಳಿ ಮೇಡಂ, ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದಾಗಿ ನಂಬಿಕೆಯ ಪ್ರಶ್ನೆ. ಕಪ್ಪು ಜನ ಬರೆದ ಪುಸ್ತಕ ಅಂದರೆ ಸುಳ್ಳು, ಉತ್ಪ್ರೇಕ್ಷೆ, ಬಿಳಿಯರು ಯಾರೋ ಬರೆದುಕೊಟ್ಟದ್ದು ಅನ್ನುವವರು ಕಾದು ಕೂತಿದ್ದರು. ಅದಕ್ಕೇ ಡಗ್ಲಾಸ್ ಪುಸ್ತಕದ ಹೆಸರಿನಲ್ಲೇ 'ಸ್ವತಃ ಬರೆದದ್ದು' ಅಂತ ಇದೆ. ಮುಂದೆ ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ಮುನ್ನುಡಿ, ವೆಂಡೆಲ್ ಫಿಲಿಪ್ಸ್ ಅವರ ಪತ್ರ. ಇಬ್ಬರೂ ಗುಲಾಮಗಿರಿ ವಿರೋಧಿ ಹೋರಾಟಗಾರರು, ಬಿಳಿಯರು. ಅವರು ಜಾಮೀನು ನಿಂತ ಮೇಲೇ ಡಗ್ಲಾಸ್ ಮಾತು ಶುರು. ಇಂಥ ಜಾಗದಲ್ಲಿ ನಿಂತವರು ಒಂದು ಮಾತು ಜಾಸ್ತಿ ಆಡಿದರೂ ಕಷ್ಟ. ಹಾಗಾಗಿ ಊರಿನ ಹೆಸರು, ಧಣಿಯ ಹೆಸರು, ಮೈಲಿ, ತಿಂಗಳಿಗೆ ಎಷ್ಟು ಮೆಕ್ಕೆಜೋಳದ ಹಿಟ್ಟು, ವರ್ಷಕ್ಕೆ ಎಷ್ಟು ಅಂಗಿ, ಹೀಗೆ ಬರೆದರು. ಆ ಹೆಸರುಗಳನ್ನು ಬರೆದದ್ದರಿಂದ ಅವರಿಗೇ ಅಪಾಯ ಬಂತು. ಕಾನೂನಿನ ಪ್ರಕಾರ ಆಗಲೂ ಅವರು ಇನ್ನೊಬ್ಬರ ಸ್ವತ್ತು. ಅದೇ ವರ್ಷ ಬ್ರಿಟನ್ನಿಗೆ ಹೋಗಬೇಕಾಯಿತು. 1846ರಲ್ಲಿ ಅಲ್ಲಿನ ಸ್ನೇಹಿತರು 150 ಪೌಂಡ್ ಕೂಡಿಸಿ ಅವರನ್ನು ಬಿಡಿಸಿದರು.

ಎರಡನೆಯದು ನನಗೆ ಜಾಸ್ತಿ ನೋವು ಕೊಡುವ ವಿಷಯ. ಹಿಡಿತ ಪೂರ್ತಿ ಅವರ ಆಯ್ಕೆ ಆಗಿರಲಿಲ್ಲ. 1841ರಿಂದ ಅವರು ಗುಲಾಮಗಿರಿ ವಿರೋಧಿ ಸಂಘದ ಭಾಷಣಗಾರರಾಗಿ ಊರೂರು ಸುತ್ತುತ್ತಿದ್ದರು. ಸಂಘದ ಜಾನ್ ಕಾಲಿನ್ಸ್ ಅವರಿಗೆ ಹೇಳುತ್ತಿದ್ದದ್ದು: ನೀನು ನಡೆದದ್ದನ್ನು ಹೇಳು, ತತ್ವವಿಚಾರ ನಾವು ನೋಡಿಕೊಳ್ಳುತ್ತೇವೆ. ನಿನ್ನ ಮಾತಿನಲ್ಲಿ ಸ್ವಲ್ಪ ತೋಟದ ಆಳಿನ ಧಾಟಿ ಇರಲಿ, ಜಾಸ್ತಿ ಓದಿದವನ ಹಾಗೆ ಕಾಣಿಸಬೇಡ ಅಂತಲೂ ಹೇಳಿದರಂತೆ. ಇದನ್ನು ಡಗ್ಲಾಸ್ 1855ರ ಎರಡನೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅನ್ಯಾಯವನ್ನು ಬರೀ ವರದಿ ಮಾಡೋದು ಸಾಕಾಗುತ್ತಿರಲಿಲ್ಲ, ಅದನ್ನು ಖಂಡಿಸಬೇಕು ಅನ್ನಿಸುತ್ತಿತ್ತು ಅಂತ ಅಲ್ಲಿ ಹೇಳುತ್ತಾರೆ.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ತಮ್ಮ ಕತೆ ಬರೆದ ಇನ್ನೊಬ್ಬರು ಹ್ಯಾರಿಯೆಟ್ ಜೇಕಬ್ಸ್. ಅವರ ಹಿಡಿತ ಬೇರೆ ತರದ್ದು. 1861ರಲ್ಲಿ ಬೇರೆ ಹೆಸರಿಟ್ಟುಕೊಂಡು ಪುಸ್ತಕ ಹೊರತಂದರು. ಧಣಿ ಬೆನ್ನು ಬಿದ್ದಿದ್ದ. ಅವನಿಂದ ತಪ್ಪಿಸಿಕೊಳ್ಳೋಕೆ ನಾರ್ತ್ ಕೆರೊಲಿನಾದ ಈಡೆಂಟನ್‌ನಲ್ಲಿ ಅಜ್ಜಿಯ ಮನೆಯ ಸೂರಿನ ಕೆಳಗೆ ಸುಮಾರು ಏಳು ವರ್ಷ ಅಡಗಿದ್ದರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ತೀರಾ ಎತ್ತರದ ಕಡೆ ಮೂರು ಅಡಿ. ನೆಟ್ಟಗೆ ಕೂರೋಕೂ ಕಷ್ಟ. ಬೈರಿಗೆಯಿಂದ ಹಲಗೆ ಕೊರೆದು ಒಂದಂಗುಲದ ಕಿಂಡಿ ಮಾಡಿಕೊಂಡು, ಕೆಳಗೆ ಆಡುತ್ತಿದ್ದ ತನ್ನ ಮಕ್ಕಳನ್ನು ನೋಡುತ್ತಿದ್ದರು. ಮಕ್ಕಳಿಗೆ ಅಮ್ಮ ಮೇಲಿದ್ದಾಳೆ ಅಂತ ಗೊತ್ತಿಲ್ಲ. ಕೂಗೋ ಹಾಗಿಲ್ಲ. ಈ ಅಳತೆಗಳನ್ನು ಅವರು ಬಡಗಿ ಹೇಳುವ ಹಾಗೆ ಹೇಳುತ್ತಾರೆ. ಧಣಿಯ ಕಿರುಕುಳದ ವಿಷಯ ಬಂದಾಗ ಮಾತ್ರ ಮಾತು ಮುಸುಕು ಹಾಕಿಕೊಳ್ಳುತ್ತದೆ. 1857ರಲ್ಲಿ ಗೆಳತಿ ಏಮಿ ಪೋಸ್ಟ್‌ಗೆ ಬರೆದ ಪತ್ರದಲ್ಲಿ ಕಾರಣವೂ ಇದೆ. ಹೆಂಗಸು ತನಗಾದ ಕ್ರೌರ್ಯವನ್ನು ಆಪ್ತ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಬಹುದು, ಲೋಕ ಓದೋಕೆ ಅಂತ ಬರೆದಿಡೋದು ಅದಕ್ಕಿಂತ ಬಹಳ ಕಷ್ಟ ಅಂತ.

ಇಷ್ಟೆಲ್ಲ ಆದರೂ ಬಹಳ ಕಾಲ ಅದನ್ನು ಕಾದಂಬರಿ ಅಂದುಕೊಂಡವರೇ ಜಾಸ್ತಿ. ಸಂಶೋಧಕಿ ಜೀನ್ ಫೇಗನ್ ಯೆಲಿನ್ ಪತ್ರಗಳನ್ನು ಹುಡುಕಿ, ದಾಖಲೆ ಕೊಟ್ಟು 1987ರಲ್ಲಿ ಹೊಸ ಆವೃತ್ತಿ ತಂದ ಮೇಲೆ ಆ ಅನುಮಾನ ಹೋಯಿತು.

ಹುಣಸೆಬೀಜ

ಎಲ್ಲರ ಮಾತೂ ಚೆನ್ನಾಗಿದೆ, ಆದರೂ ನನಗೆ ಒಂದು ತಕರಾರು ಇದೆ. ನೊಂದವರು ಅಳದೆ ಹೇಳಿದರೆ ನಾವು ಆಹಾ ಎಂಥ ಸಂಯಮ ಅನ್ನುತ್ತೇವೆ. ಅತ್ತು, ಕೂಗಿ ಹೇಳಿದರೆ ಸಾಹಿತ್ಯ ಆಗಿಲ್ಲ ಅನ್ನುತ್ತೇವೆ. ಯಾರಿಗೋಸ್ಕರ ಅವರು ದನಿ ತಗ್ಗಿಸಬೇಕು? ಓದುವ ನಮಗೆ ಕಷ್ಟ ಆಗದೇ ಇರಲಿ ಅಂತನಾ?

ಮೇರಿ ಪ್ರಿನ್ಸ್ ಓದಿ. ಬರ್ಮುಡಾದಲ್ಲಿ ಹುಟ್ಟಿದ ಹೆಣ್ಣುಮಗಳು. 1831ರಲ್ಲಿ ಲಂಡನ್ನಿನಲ್ಲಿ ಅವರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡು ಪುಸ್ತಕ ಮಾಡಿದರು. ಮಕ್ಕಳನ್ನು ಸಂತೆಗೆ ಮಾರೋಕೆ ಕರೆದುಕೊಂಡು ಹೋಗುವ ಬೆಳಗ್ಗೆ ಅಮ್ಮ ಹೊಸ ಬಟ್ಟೆ ತೊಡಿಸುತ್ತಾ, ನೋಡಿ, ನನ್ನ ಮಕ್ಕಳಿಗೆ ಹೆಣದ ಬಟ್ಟೆ ಉಡಿಸ್ತಿದ್ದೇನೆ ಅನ್ನುತ್ತಾಳೆ. ಸಂತೆಯಲ್ಲಿ ಕಟುಕ ಕರು ಮುಟ್ಟಿ ನೋಡುವ ಹಾಗೆ ಗಂಡಸರು ಹುಡುಗಿಯನ್ನು ಮುಟ್ಟಿ ನೋಡುತ್ತಾರೆ. 57 ಪೌಂಡಿಗೆ ಹರಾಜು ಮುಗಿಯುತ್ತದೆ. ಇಷ್ಟು ಚಿಕ್ಕವಳಿಗೆ ಒಳ್ಳೆ ಬೆಲೆ ಬಂತು ಅಂತ ಜನ ಮಾತಾಡಿಕೊಳ್ಳುತ್ತಾರೆ. ಆಮೇಲೆ ಟರ್ಕ್ಸ್ ದ್ವೀಪದ ಉಪ್ಪಿನ ಹೊಂಡಗಳಲ್ಲಿ ಉಪ್ಪುನೀರಲ್ಲೇ ನಿಂತು ದುಡಿದು ಕಾಲೆಲ್ಲ ಹುಣ್ಣು. ಮೇರಿ ಸುಮ್ನೆ ಇರುವುದಿಲ್ಲ. ಅಯ್ಯೋ ಈ ಗುಲಾಮಗಿರಿಯ ಘೋರವೇ ಅಂತ ಕೂಗಿಯೇ ಹೇಳುತ್ತಾರೆ. ಅದಕ್ಕೇನು ಬೆಲೆ ಕಡಿಮೆನಾ?

ಡಗ್ಲಾಸ್ ಕೂಡ ಪುಸ್ತಕಪೂರ್ತಿ ತಣ್ಣಗಿಲ್ಲ. ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿ ನಿಂತು ಬಿಳಿ ಹಾಯಿಯ ಹಡಗುಗಳ ಜೊತೆ ಮಾತಾಡುವ ಭಾಗ ನೋಡಿ. ನಿಮ್ಮ ಕಟ್ಟು ಬಿಚ್ಚಿದೆ, ನೀವು ಸ್ವತಂತ್ರ, ನಾನು ಸರಪಳಿಯಲ್ಲಿದ್ದೇನೆ, ದೇವರೇ ಕಾಪಾಡು, ಅಂತ ಎದೆ ಬಿರಿಯುವ ಹಾಗೆ ಕೂಗುತ್ತಾರೆ. ಸಂಯಮವೇ ಅವರ ಶೈಲಿ ಅಂತ ಒಂದೇ ಮಾತಿನಲ್ಲಿ ಹೇಳೋದು ತಪ್ಪು.

ಹೊಂಗೆನೆರಳು

@ಹುಣಸೆಬೀಜ ನಿಮ್ಮ ತಕರಾರು ಒಪ್ಪಿದೆ. ಹಡಗಿನ ಭಾಗ ನಾನು ಮರೆತಿದ್ದೆ. ಆದರೆ ಅದೇ ನನಗೆ ಈಗ ಬೇರೆ ಏನೋ ತೋರಿಸುತ್ತಿದೆ. ಹಡಗಿಗೆ ಅಷ್ಟು ಮಾತು ಕೊಟ್ಟವರು ಅಮ್ಮನಿಗೆ ಯಾಕೆ ಒಂದೇ ವಾಕ್ಯ ಕೊಟ್ಟರು? ಸ್ವಾತಂತ್ರ್ಯ ಕಣ್ಣೆದುರು ತೇಲುತ್ತಿತ್ತು, ಅದಕ್ಕೆ ಕೂಗಬಹುದಿತ್ತು. ಅಮ್ಮನ ಮುಖವೇ ನೆನಪಿಲ್ಲದಿದ್ದರೆ ಯಾರನ್ನು ನೋಡಿ ಕೂಗೋದು?

ಶುಂಠಿಕಾಫಿ

ತಡವಾಗಿ ಬಂದೆ, ಕ್ಷಮಿಸಿ. ಯಾರೂ 1855ರ ಪುಸ್ತಕದ ರೊಟ್ಟಿಯ ಪ್ರಸಂಗ ಹೇಳಲಿಲ್ಲ, ಅದನ್ನು ಹೇಳದೆ ಈ ಚರ್ಚೆ ಮುಗಿಯೋ ಹಾಗಿಲ್ಲ.

ಮೊದಲ ಪುಸ್ತಕ ಬಂದು ಹತ್ತು ವರ್ಷ ಆದ ಮೇಲೆ ಡಗ್ಲಾಸ್ ಮತ್ತೆ ಬರೆಯುತ್ತಾರೆ. ಈ ಸಲ ಅಮ್ಮ ಬೇರೆಯೇ ಕಾಣುತ್ತಾಳೆ. ಧಣಿಯ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಕೇಟಿ ಅನ್ನುವವಳು ಒಂದು ದಿನ ಹುಡುಗನಿಗೆ ಊಟ ಕೊಡುವುದಿಲ್ಲ. ಇಡೀ ದಿನ ಉಪವಾಸ. ಸಂಜೆ ಅವನು ಅಟ್ಟಣಿಗೆಯ ಮೇಲಿದ್ದ ಮೆಕ್ಕೆಜೋಳದ ತೆನೆಯಿಂದ ನಾಲ್ಕು ಕಾಳು ಬಿಡಿಸಿಕೊಂಡು ಕದ್ದು ಬೂದಿಯಲ್ಲಿ ಹುರಿಯುತ್ತಾನೆ. ಅಷ್ಟು ಹೊತ್ತಿಗೆ ಅಮ್ಮ ಬರುತ್ತಾಳೆ. ಕಾಳು ಕಸಿದುಕೊಂಡು, ಅದರ ಬದಲು ದೊಡ್ಡ ಶುಂಠಿ ಸಿಹಿರೊಟ್ಟಿ ಕೈಗಿಡುತ್ತಾಳೆ. ಕೇಟಿಗೆ ಚೆನ್ನಾಗಿ ಬೈಯುತ್ತಾಳೆ. ರೊಟ್ಟಿ ಹೃದಯದ ಆಕಾರದಲ್ಲಿತ್ತು, ಅಂಚಿಗೆ ಕಪ್ಪಗೆ ಹೊಳೆಯುವ ಪಾಕದ ಬಳೆ ಇತ್ತು ಅನ್ನೋದೂ ಅವರಿಗೆ ನೆನಪಿದೆ. ಆ ರಾತ್ರಿ ತಾನು ಬರೀ ಮಗು ಅಲ್ಲ, ಯಾರದೋ ಮಗು ಅಂತ ಗೊತ್ತಾಯಿತು ಅನ್ನುತ್ತಾರೆ. ಅಮ್ಮನ ತೊಡೆಯ ಮೇಲೆ ಕೂತಾಗ ಸಿಂಹಾಸನದ ಮೇಲಿನ ರಾಜನಿಗಿಂತ ಹೆಮ್ಮೆ. ಬೆಳಗ್ಗೆ ಎದ್ದಾಗ ಅವಳಿಲ್ಲ.

ಅಮ್ಮನಿಗೆ ಓದು ಬರುತ್ತಿತ್ತು, ತಮ್ಮ ಹುಟ್ಟೂರು ಟಕಾಹೋದ ಗುಲಾಮರಲ್ಲಿ ಓದು ಬಂದವಳು ಅವಳೊಬ್ಬಳೇ ಅನ್ನೋದು ಅವಳು ಸತ್ತ ಮೇಲೆ ಗೊತ್ತಾಯಿತಂತೆ. ಅವಳ ಬಗ್ಗೆ ಇಷ್ಟು ಕಡಿಮೆ ಗೊತ್ತಿರೋದು ನನಗೆ ಜೀವನಪೂರ್ತಿ ಉಳಿದ ನೋವು ಅಂತ ಬರೆಯುತ್ತಾರೆ.

ಹಾಗಾದರೆ 1845ರಲ್ಲಿ ಸುಳ್ಳು ಹೇಳಿದರಾ? ನನಗೆ ಹಾಗನ್ನಿಸುವುದಿಲ್ಲ. ಏಳು ವರ್ಷದ ಹುಡುಗನಿಗೆ ಸುದ್ದಿ ಬಂದಾಗ ಅನ್ನಿಸಿದ್ದು ಅದೇ ಇರಬೇಕು. ನೋವು ಆಮೇಲೆ ಬಂತು, ತಾನು ಬೆಳೆದು, ತನ್ನ ಮಕ್ಕಳನ್ನು ಎತ್ತಿಕೊಂಡ ಮೇಲೆ ಬಂದಿರಬಹುದು. ಹತ್ತು ವರ್ಷದಲ್ಲಿ ಯಾರ ಜಾಮೀನೂ ಬೇಡದ ಮನುಷ್ಯ ಆಗಿದ್ದರು, ಸ್ವಂತ ಪತ್ರಿಕೆ ನಡೆಸುತ್ತಿದ್ದರು. ಬರೆಯುವ ಕೈಗೂ ಧೈರ್ಯ ಬಂದಿತ್ತು.

ನೀಲಿಶಾಯಿ

ಶುಂಠಿಕಾಫಿ ಅವರೇ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ. ನಾನು ಮಾಡಿದ ತಪ್ಪು ಈಗ ಕಾಣುತ್ತಿದೆ. 1855ರ ಮನುಷ್ಯನ ನೋವನ್ನು 1845ರ ವಾಕ್ಯದೊಳಗೆ ತುರುಕಿದ್ದೆ. ಅದೂ ನನ್ನ ಪದಗಳಲ್ಲಿ.

ಬೋರೆಗುಡ್ಡ

ಇಲ್ಲಿ ನಾನು ಸುಮ್ನೆ ಓದಿಕೊಂಡು ಹೋಗುವವನು, ಬರೆದದ್ದು ಕಡಿಮೆ. ಆದರೆ ಇದಕ್ಕೆ ಬರೆಯದೆ ಇರೋಕೆ ಆಗಲಿಲ್ಲ.

ನಮ್ಮಪ್ಪ ಚಿಕ್ಕವರಿದ್ದಾಗ ಜೀತಕ್ಕಿದ್ದರು. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ, ಇದು ಅದಕ್ಕಿಂತ ಮುಂಚಿನ ಮಾತು. ನಮ್ಮಜ್ಜ ತಂದಿದ್ದ ಸಾಲಕ್ಕೆ ಯುಗಾದಿಯಿಂದ ಯುಗಾದಿಗೆ ಅಂತ ಇಟ್ಟಿದ್ದರು. ವರ್ಷಕ್ಕೆ ಒಂದು ಕಂಬಳಿ, ಒಂದು ಜೊತೆ ಬಟ್ಟೆ. ಎರಡು ಹೊತ್ತು ಮುದ್ದೆ. ನಾಲ್ಕು ಯುಗಾದಿ ಕಳೆಯಿತು. ಈಗ ಅಪ್ಪನ ಹತ್ತಿರ ಕೂತು ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ನನ್ನ ಮಕ್ಕಳಿಗೆ ಅಂತ.

ಅಪ್ಪ ಹೇಳುವಾಗ ದನಿ ಏರೋದೇ ಇಲ್ಲ. ಎಷ್ಟು ದನ ಇದ್ದವು, ಯಾವುದು ಒದೆಯುತ್ತಿತ್ತು, ಹಗ್ಗ ಎಲ್ಲಿ ತೂಗುಹಾಕುತ್ತಿದ್ದರು, ಅಷ್ಟೇ. ನನಗೆ ಸಿಟ್ಟು ಬರುತ್ತಿತ್ತು. ಬರೆಯುವಾಗ ನಾನೇ ಸೇರಿಸುತ್ತಿದ್ದೆ: ಕಣ್ಣೀರು ಕುಡಿದು ಬದುಕಿದರು, ನರಕಯಾತನೆ ಅನುಭವಿಸಿದರು. ಮೊನ್ನೆ ಒಂದು ಪುಟ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇದು ಯಾರ ಕತೆಯಪ್ಪಾ?" ಅಂತ ಕೇಳಿದರು. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಅವರೇ ಹೇಳಿದ್ದು ಒಂದಿದೆ. ಮಾಗಿ ಚಳಿಯಲ್ಲಿ ಬೆಳಗಿನ ಜಾವ ಕೊಟ್ಟಿಗೆ ಬಾಚೋಕೆ ಏಳಬೇಕು. ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. "ಹಸ ಎದ್ದ ಜಾಗ ಬೆಚ್ಚಗಿರೋದು. ಅಲ್ಲಿ ಕಾಲಿಟ್ಕಂಡು ಒಂದ್ಗಳಿಗೆ ನಿಂತ್ಕತಿದ್ದೆ. ಆಮೇಲೆ ಇನ್ನೊಂದು ಹಸ ಎಬ್ಬಿಸ್ತಿದ್ದೆ." ಅಷ್ಟೇ ಹೇಳಿ ಕಾಫಿ ಕುಡಿದರು.

ಹೊಂಗೆನೆರಳು

ಬೋರೆಗುಡ್ಡ ಅಣ್ಣಾ, ನಿಮ್ಮಪ್ಪನ ಮಾತು ಇಟ್ಟುಕೊಳ್ಳಿ, ಉಳಿದದ್ದು ಹೊಡೆದು ಹಾಕಿ. ಡಗ್ಲಾಸ್ ಐದನೇ ಅಧ್ಯಾಯದಲ್ಲಿ ಹೆಚ್ಚುಕಡಿಮೆ ಇದೇ ಇದೆ. ಹುಡುಗನಿಗೆ ಹಾಸಿಗೆ ಇಲ್ಲ, ಕಂಬಳಿ ಇಲ್ಲ. ಗಿರಣಿಗೆ ಮೆಕ್ಕೆಜೋಳ ಹೊರುವ ಗೋಣಿಚೀಲ ಕದ್ದು, ಅದರೊಳಗೆ ತಲೆ ತೂರಿಸಿ, ಕಾಲು ಹೊರಗೆ ಬಿಟ್ಟು ಮಲಗುತ್ತಿದ್ದ. ಚಳಿಗೆ ಪಾದ ಎಷ್ಟು ಒಡೆದಿತ್ತು ಅಂದರೆ, ನಾನು ಈಗ ಬರೆಯುತ್ತಿರುವ ಲೇಖನಿಯನ್ನು ಆ ಸೀಳಿನೊಳಗೆ ಇಡಬಹುದಿತ್ತು ಅನ್ನುತ್ತಾರೆ. ಲೇಖನಿ ಹಿಡಿದ ದೊಡ್ಡವನ ಕೈ, ಗೋಣಿಚೀಲದಿಂದ ಹೊರಗೆ ಬಿದ್ದ ಆ ಹುಡುಗನ ಕಾಲು, ಎರಡೂ ಒಂದೇ ವಾಕ್ಯದಲ್ಲಿ ಸೇರುತ್ತವೆ. ನೋವಾಯಿತು ಅನ್ನುವ ಪದವೇ ಅಲ್ಲಿಲ್ಲ.

ಹುಣಸೆಬೀಜ

ಬೋರೆಗುಡ್ಡ ಅವರೇ, ನಮಸ್ಕಾರ ನಿಮ್ಮ ತಂದೆಗೆ. ನಾನು ಮೇಲೆ ಹೇಳಿದ ಮಾತು ನಿಮ್ಮ ತಂದೆಗೆ ಅನ್ವಯಿಸುವುದಿಲ್ಲ. ಅವರು ಯಾರಿಗೂ ಹೆದರಿ ದನಿ ತಗ್ಗಿಸಿಲ್ಲ.

ಅಮೆರಿಕದ ಗುಲಾಮಗಿರಿ ಬೇರೆ, ನಮ್ಮ ಜೀತ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ಯಾರಾದರೂ ಹೇಳಬಹುದು. ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಜೋತಿಬಾ ಫುಲೆ 1873ರಲ್ಲೇ ಜಾತಿಯ ಬಗ್ಗೆ ಬರೆದ ತಮ್ಮ ಪುಸ್ತಕಕ್ಕೆ ಗುಲಾಮಗಿರಿ ಅಂತ ಹೆಸರಿಟ್ಟು, ಗುಲಾಮರನ್ನು ಬಿಡಿಸಿದ ಅಮೆರಿಕದ ಜನಕ್ಕೆ ಅರ್ಪಿಸಿದ್ದರು. ನಮ್ಮಲ್ಲಿ ಸಿದ್ಧಲಿಂಗಯ್ಯ ಅವರ ಆತ್ಮಕಥೆ 'ಊರು ಕೇರಿ' ನೆನಪಿದೆಯಾ? ಹೊಲದಲ್ಲಿ ಇಬ್ಬರ ಹೆಗಲಿಗೆ ನೊಗ ಕಟ್ಟಿ ಇನ್ನೊಬ್ಬ ಉಳುತ್ತಿರುತ್ತಾನೆ, ಆ ಇಬ್ಬರಲ್ಲಿ ಒಬ್ಬರು ಹುಡುಗನ ಅಪ್ಪ. ಅದನ್ನು ಅವರು ಎಷ್ಟು ಕಡಿಮೆ ಮಾತಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ಪಿಯುಸಿಯಲ್ಲಿದ್ದಾಗ ಓದಿದ್ದು, ಇವತ್ತಿಗೂ ನೊಗ ಕಂಡರೆ ಅದೇ ನೆನಪು.

ನೀಲಿಶಾಯಿ

ಎಲ್ಲರಿಗೂ ಋಣಿ. ನಿನ್ನೆ ರಾತ್ರಿ ಹೊಸದಾಗಿ ಬರೆದೆ:

"ಅವಳು ಪಕ್ಕದಲ್ಲಿರುವ ನೆಮ್ಮದಿಯಾಗಲಿ, ಅವಳ ಅಕ್ಕರೆಯ ಆರೈಕೆಯಾಗಲಿ ನನಗೆ ಹೇಳಿಕೊಳ್ಳುವಷ್ಟು ಸಿಕ್ಕಿರಲಿಲ್ಲ. ಹಾಗಾಗಿ ಅವಳು ಸತ್ತ ಸುದ್ದಿ ಬಂದಾಗ, ಯಾರೋ ಪರಕೀಯರು ಸತ್ತರೆ ಅನ್ನಿಸುವಷ್ಟೇ ಅನ್ನಿಸಿತು."

'ಪರಕೀಯರು' ಸರಿಯಾ? ಸ್ವಲ್ಪ ಭಾರ ಅನ್ನಿಸುತ್ತಿದೆ.

ಶುಂಠಿಕಾಫಿ

ಪರಕೀಯರು ಅಂದರೆ ಬೇರೆ ದೇಶದವರು ಅನ್ನೋ ಹಾಗೆ ಕೇಳುತ್ತದೆ. 'ಗುರುತಿಲ್ಲದವರು' ಹಾಕಿ. ಅವನಿಗೆ ಅಮ್ಮನ ಮುಖದ ಗುರುತೇ ಸರಿಯಾಗಿ ಇರಲಿಲ್ಲವಲ್ಲ. ಮತ್ತೆ 'ಹೆಚ್ಚುಕಡಿಮೆ' ಬಿಡಬೇಡಿ. ಮೂಲದಲ್ಲಿ ಅದು ಇದೆ, ಆ ಚೂರು ಅನುಮಾನ ಇರಲಿ.

ನೀಲಿಶಾಯಿ

"…ಯಾರೋ ಗುರುತಿಲ್ಲದವರು ಸತ್ತರೆ ಏನು ಅನ್ನಿಸುತ್ತಿತ್ತೋ, ಹೆಚ್ಚುಕಡಿಮೆ ಅದೇ ಅನ್ನಿಸಿತು." ಇದನ್ನೇ ಇಟ್ಟುಕೊಂಡೆ.

ಬೋರೆಗುಡ್ಡ

ನಿಮ್ಮ ಅನುವಾದ ಇವತ್ತು ಬೆಳಗ್ಗೆ ಅಪ್ಪನಿಗೆ ಓದಿ ಹೇಳಿದೆ. ಅಮ್ಮ ನಡೆದು ಬರುವ ಕಡೆ ನಿಲ್ಲಿಸಿ, "ಎಷ್ಟು ಮೈಲಿ ಅಂದೆ?" ಅಂತ ಕೇಳಿದರು. ಹನ್ನೆರಡು ಅಂದೆ. "ಕತ್ಲೇಲಿ ಒಬ್ಳೇಯಾ?" ಅಂದರು. ಹೌದು ಅಂದೆ.

ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಇಷ್ಟು ವರ್ಷದಲ್ಲಿ ನನಗೆ ಯಾವತ್ತೂ ಹೇಳದಿದ್ದ ಒಂದು ಮಾತು ಹೇಳಿದರು. "ನಮ್ಮವ್ವನೂ ಬರೋಳು. ಒಳಕ್ಕೆ ಬರಂಗಿರ್ಲಿಲ್ಲ. ಕೊಟ್ಟಿಗೆ ಹಿಂದ್ಗಡೆ ಬೇಲಿ ತಾವ ನಿಂತ್ಕಂಡು, ಸಂದೀಲಿ ಹುರಿಗಡ್ಲೆ ಕೊಟ್ಟೋಗೋಳು."

ಎಷ್ಟು ಸಲ ಬಂದಿದ್ದರು ಅಂತ ಕೇಳಿದೆ.

"ಮೂರು ಸಲ" ಅಂದರು. ಬರೆದುಕೊಂಡೆ.